ಮುಂದಿನ ಸಾಲಿನ ಕುರ್ಚಿ

ಸಂಕ್ರಾಂತಿಯಿಂದ ನಮ್ಮೂರಿನಲ್ಲಿ ‘ಕುರುಕ್ಷೇತ್ರ’ ನಾಟಕದ ಪ್ರಾಕ್ಟೀಸು ನಡೆಯುತ್ತಿತ್ತು. ಆಡುವುದು ಯುಗಾದಿ ಕಳೆದ ಮೇಲೆ ಎಂದು ತೀರ್ಮಾನವಾಗಿತ್ತು. ಇನ್ನು ಹದಿನೈದು ದಿನವಿದೆ ಎನ್ನುವಾಗ ಗುಡಿಯ ಮುಂದೆ ಲೆಕ್ಕದ ಸಭೆ ಸೇರಿತು. ನಾನಿರುವುದು ಬೂದಿಗೆರೆಯಲ್ಲಿ, ಊರು ಅಲ್ಲಿಂದ ಬೈಕಿನಲ್ಲಿ ಕಾಲು ಗಂಟೆಯ ದಾರಿ. ಮೇಷ್ಟ್ರು ಎಂಬ ಒಂದೇ ಕಾರಣಕ್ಕೆ ಲೆಕ್ಕದ ಪುಸ್ತಕ ನನ್ನ ಕೈಗೆ ಬಂದಿತ್ತು.

ಸೀನರಿ, ಲೈಟು, ಮೈಕು, ಜನರೇಟರು, ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ, ಹೊರಗಿನಿಂದ ಬರುವ ದ್ರೌಪದಿ-ಕುಂತಿಯರ ಸಂಬಳ ಎಲ್ಲ ಕೂಡಿಸಿದರೆ ಅರವತ್ತು ಸಾವಿರ ಕಡಿಮೆ ಬೀಳುತ್ತಿತ್ತು. ಸೈಟು ವ್ಯಾಪಾರ ಮಾಡುವ ಹುಡುಗನೊಬ್ಬ ಎದ್ದು ನಿಂತ. “ಮುಂದ್ಗಡೆ ಎರಡು ಸಾಲು ಸೋಫಾ ಹಾಕ್ಸೋಣ. ಒಂದು ಸೀಟಿಗೆ ಐದು ಸಾವಿರ. ಬೂದಿಗೆರೆ ಕ್ರಾಸಿನ ಅಪಾರ್ಟ್‌ಮೆಂಟಿನೋರು, ಲೇಔಟಿನೋರು ಖುಷಿಯಾಗಿ ತಗೋತಾರೆ.”

ಊರಿನ ಹಿರಿಯರೊಬ್ಬರಿಗೆ ಇದು ಸರಿಬರಲಿಲ್ಲ. “ಮುಂದ್ಗಡೆ ಯಾರು ಕೂತ್ಕಬೇಕು ಅನ್ನೋದು ನಮ್ಮ ತಾತನ ಕಾಲ್ದಿಂದ ನಡ್ಕಂಡು ಬಂದದೆ. ಅದನ್ನ ಮಾರಕ್ಕಾಯ್ತದಾ?”

ಆಗ ನಮ್ಮ ಕೇರಿಯ ಹುಡುಗ ಬಾಯಿಬಿಟ್ಟ. ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸುತ್ತಾನೆ. “ಮಾರ್ಲಿ ಬಿಡಿ ಯಜಮಾನ್ರೇ. ಮಾರಿದ್ರೆ ನಾನೂ ಒಂದು ತಗಂತೀನಿ.”

ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. “ನೀವೇನಂತೀರಿ ಮೇಷ್ಟ್ರೇ?” ನಾನು ಎರಡು ದಿನ ಟೈಮು ಕೇಳಿ ಎದ್ದು ಬಂದೆ. ಆ ಎರಡು ದಿನ ತಲೆಯಲ್ಲಿ ಓಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಡೆಯ ಪೌರಾಣಿಕ ನಾಟಕಗಳನ್ನು ನೋಡದವರಿಗೆ ಒಂದು ವಿಷಯ ಹೇಳಬೇಕು. ಇಲ್ಲಿ ನೋಡುವವರು ದುಡ್ಡು ಕೊಡುವುದಿಲ್ಲ, ಆಡುವವರು ಕೊಡುತ್ತಾರೆ. ದುರ್ಯೋಧನನ ಪಾತ್ರಕ್ಕೆ ಇಷ್ಟು, ಕೃಷ್ಣನಿಗೆ ಇಷ್ಟು, ಸಣ್ಣ ಪಾತ್ರಗಳಿಗೆ ಇಷ್ಟು ಎಂದು ರೇಟು ನಿಗದಿಯಾಗುತ್ತದೆ. ಸಾಲ ಮಾಡಿಯಾದರೂ ದುರ್ಯೋಧನನಾಗುವವರಿದ್ದಾರೆ. ಜನ ಮಾತ್ರ ಚಾಪೆ ಕಂಬಳಿ ತಂದು ಬೆಳಗಿನವರೆಗೆ ಪುಕ್ಕಟೆ ನೋಡುತ್ತಾರೆ. ನಾಟಕ ಪುಕ್ಕಟೆಯಾದರೂ ಜಾಗ ಪುಕ್ಕಟೆಯಾಗಿರಲಿಲ್ಲ. ನನ್ನ ಅಪ್ಪ ಹುಡುಗನಾಗಿದ್ದಾಗ ಪೆಟ್ರೋಮ್ಯಾಕ್ಸ್ ಹೊತ್ತು ತಂದು ರಂಗದ ಮುಂದೆ ಇಟ್ಟು, ಸುತ್ತು ಹಾಕಿಕೊಂಡು ಹಿಂದೆ ಬಂದು, ಹುಣಸೆಮರದ ಬುಡದಲ್ಲಿ ನಿಲ್ಲುತ್ತಿದ್ದನಂತೆ. ಮುಂದೆ ಕುರ್ಚಿಗಳಿದ್ದವು. ಅವುಗಳಲ್ಲಿ ಯಾರು ಕೂರಬೇಕು ಎನ್ನುವುದು ಅವರು ಹುಟ್ಟುವ ಮೊದಲೇ ತೀರ್ಮಾನವಾಗಿತ್ತು.

ಅಪ್ಪ ಮುಂದಿನ ಸಾಲಿನಲ್ಲಿ ಕೂತದ್ದನ್ನು ನಾನು ಕಂಡದ್ದು ಒಂದೇ ಸಲ, 2025ರ ಐಪಿಎಲ್‌ನಲ್ಲಿ. ಅಣ್ಣನ ಮಗ ವೈಟ್‌ಫೀಲ್ಡಿನಲ್ಲಿ ಕೆಲಸ ಮಾಡುತ್ತಾನೆ. ಅವನ ಕಂಪನಿಯವರು ಕೊಟ್ಟ ಪಾಸಿನಲ್ಲಿ ತಾತನನ್ನೂ ನನ್ನನ್ನೂ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಕರೆದುಕೊಂಡು ಹೋದ. ಅತಿಥಿಗಳ ಕೋಣೆ, ತಣ್ಣನೆ ಗಾಳಿ, ಮೆತ್ತನೆ ಕುರ್ಚಿ, ಬೇಕಾದಷ್ಟು ಊಟ. ಬಾಗಿಲಲ್ಲಿದ್ದವನು ಅಪ್ಪನ ಕೈಗೆ ಕಟ್ಟಿದ್ದ ಪಟ್ಟಿ ನೋಡಿ “ಬನ್ನಿ ಸಾರ್” ಎಂದ. ಯಾವೂರು, ಯಾರ ಮಗ ಎಂದು ಕೇಳಲಿಲ್ಲ. ಎಪ್ಪತ್ತು ದಾಟಿದ ಅಪ್ಪ ಆ ‘ಸಾರ್’ ಕೇಳಿ ಒಂದು ಗಳಿಗೆ ನಿಂತು, ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು ಒಳಗೆ ಹೋದ. ಅವತ್ತು ನನಗಾದ ಸಂತೋಷವನ್ನು ಮುಚ್ಚಿಟ್ಟು ಈ ಪ್ರಶ್ನೆಯ ಬಗ್ಗೆ ಬರೆದರೆ ಅದು ಸುಳ್ಳು ಬರಹವಾಗುತ್ತದೆ.

ಆದರೆ ಆ ಕುರ್ಚಿಯ ಬೆಲೆಯನ್ನೂ ಹೇಳಬೇಕು. ಆ ವರ್ಷ ಅಲ್ಲಿ ಟಿಕೆಟ್ಟು 2,300 ರೂಪಾಯಿಯ ಆಸುಪಾಸಿನಿಂದ ಶುರುವಾಗಿ 40,000 ದಾಟುತ್ತಿತ್ತು. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ. ಎಲ್ಲಕ್ಕಿಂತ ಅಗ್ಗದ ಸೀಟೆಂದರೆ ಆರು ದಿನದ ಮಣ್ಣು ಕೆಲಸ. ಎಲ್ಲಕ್ಕಿಂತ ದುಬಾರಿಯ ಸೀಟಿಗೆ ಆಗಿನ ಖಾತರಿಯ ನೂರು ದಿನದ ಕೂಲಿ, ಅಂದರೆ 37,000 ರೂಪಾಯಿ ಪೂರ್ತಿ ಕೊಟ್ಟರೂ ಸಾಲುತ್ತಿರಲಿಲ್ಲ. ಇನ್ನು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ಐಪಿಎಲ್ ಟಿಕೆಟ್ಟಿನ ಜಿಎಸ್‌ಟಿ ಶೇ. 28ರಿಂದ 40ಕ್ಕೆ ಏರಿತು. ಸರ್ಕಾರ ಅದನ್ನು ಕ್ಯಾಸಿನೊ, ಕುದುರೆ ರೇಸುಗಳ ಪಂಕ್ತಿಯಲ್ಲಿ ಕೂರಿಸಿತು. ಇಷ್ಟಾದರೂ ಟಿಕೆಟ್ಟು ಉಳಿಯುವುದಿಲ್ಲ. ಕೊಳ್ಳುವವರಿದ್ದಾರೆ, ಮಾರುವವರಿದ್ದಾರೆ. ಇಬ್ಬರೂ ಒಪ್ಪಿರುವಾಗ ಇದರಲ್ಲಿ ಅನ್ಯಾಯ ಎಲ್ಲಿದೆ?

ಈ ಪ್ರಶ್ನೆಯನ್ನು ಇಷ್ಟೇ ನೇರವಾಗಿ ಕೇಳಿದ ತತ್ವಶಾಸ್ತ್ರಜ್ಞ ರಾಬರ್ಟ್ ನೋಜಿಕ್. 1974ರ ತನ್ನ ಪುಸ್ತಕದಲ್ಲಿ ಅವನು ಕೊಟ್ಟ ಉದಾಹರಣೆ ಬಾಸ್ಕೆಟ್‌ಬಾಲ್ ಆಟಗಾರ ವಿಲ್ಟ್ ಚೇಂಬರ್ಲೇನ್‌ನದು. ಎಲ್ಲರಲ್ಲೂ ಸರಿಸಮ ದುಡ್ಡಿದೆ ಎಂದಿಟ್ಟುಕೊಳ್ಳಿ. ಚೇಂಬರ್ಲೇನ್ ಆಟ ನೋಡಲು ಬರುವವರೆಲ್ಲ ಟಿಕೆಟ್ಟಿನ ಬೆಲೆಯಲ್ಲಿ 25 ಸೆಂಟನ್ನು ಬೇರೆಯಾಗಿ ಅವನ ಹೆಸರಿನ ಡಬ್ಬಿಗೆ ಹಾಕುತ್ತಾರೆ. ವರ್ಷದಲ್ಲಿ ಹತ್ತು ಲಕ್ಷ ಜನ ಬಂದರೆ ಅವನಿಗೆ ಎರಡೂವರೆ ಲಕ್ಷ ಡಾಲರ್. ಈಗ ಸಮಾನತೆ ಹೋಯಿತು. ಆದರೆ ಯಾರೂ ಯಾರನ್ನೂ ದೋಚಲಿಲ್ಲ, ಎಲ್ಲರೂ ಇಷ್ಟಪಟ್ಟೇ ಕೊಟ್ಟರು. ಹಾಗಾದರೆ ತಪ್ಪೇನು?

ಈ ವಾದವನ್ನು ಮೊದಲ ಸಲ ಓದಿದಾಗ ಉತ್ತರ ಹೊಳೆಯದೆ ಪುಸ್ತಕ ಮುಚ್ಚಿಟ್ಟಿದ್ದೆ. ಈಗ ನಮ್ಮೂರಿನ ನಾಟಕದ ಲೆಕ್ಕದ ಪುಸ್ತಕ ಮುಂದಿಟ್ಟುಕೊಂಡಾಗ ಒಂದು ವಿಚಾರ ಕಂಡಿತು. ನಮ್ಮಲ್ಲಿ ಆ ಡಬ್ಬಿ ಉಲ್ಟಾ ತಿರುಗಿದೆ. ಚೇಂಬರ್ಲೇನೇ ದುಡ್ಡು ಹಾಕಿ ಆಡುತ್ತಾನೆ. ಆದರೂ ಅಪ್ಪ ಹುಣಸೆಮರದ ಕೆಳಗೇ ನಿಂತ. ಅಂದರೆ ದುಡ್ಡಿಲ್ಲದ ಕಡೆಯೂ ಮುಂದಿನ ಸಾಲಿಗೆ ಬೆಲೆ ಇದ್ದೇ ಇರುತ್ತದೆ, ನಾಣ್ಯ ಮಾತ್ರ ಬೇರೆ. ಎಣಿಸಿ ನೋಡಿದರೆ ಅಂಥ ನಾಲ್ಕು ನಾಣ್ಯಗಳು ಸಿಕ್ಕವು: ಹುಟ್ಟು, ದುಡ್ಡು, ತೋಳು, ಹೊತ್ತು. ಇಂಥವರ ಮಗ ಎಂದು ಮುಂದೆ ಕೂರುವವರಿದ್ದಾರೆ. ಕಾಸು ಕೊಟ್ಟು ಕೂರುವವರಿದ್ದಾರೆ. ನುಗ್ಗಿ ಕೂರುವವರಿದ್ದಾರೆ. ಸಂಜೆಯೇ ಬಂದು ಚಾಪೆ ಹಾಸಿ ಕಾಯುವವರಿದ್ದಾರೆ. ಒಂದನ್ನು ರದ್ದು ಮಾಡಿದರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ.

‘ಎಲ್ಲ ಪುಕ್ಕಟೆ ಮಾಡಿಬಿಡಿ, ಕುರ್ಚಿಯೇ ಬೇಡ’ ಎನ್ನುವುದು ಕೇಳಲು ಚೆಂದ. ಆದರೆ ಪುಕ್ಕಟೆ ಎಂದ ಮಾತ್ರಕ್ಕೆ ನ್ಯಾಯವಾಗುವುದಿಲ್ಲ; ವ್ಯವಸ್ಥೆ ಇಲ್ಲದ ಪುಕ್ಕಟೆಯಲ್ಲಿ ತೋಳಿನದೇ ರಾಜ್ಯ. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಮೊದಲ ಸಲ ಕಪ್ ಗೆದ್ದಿತು. ಮರುದಿನ ವಿಜಯೋತ್ಸವಕ್ಕೆಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಸೇರಿದ ಜನಸಾಗರದ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಅವರ ಸಾವನ್ನು ನನ್ನ ವಾದಕ್ಕೆ ಒಂದು ಉದಾಹರಣೆಯಾಗಿ ಬಳಸಲು ಮನಸ್ಸು ಹಿಂಜರಿಯುತ್ತದೆ. ಆದರೂ, ಪಂದ್ಯದ ದಿನ ಆ ಗೇಟು ದಾಟುವ ಶಕ್ತಿ ಇಲ್ಲದ ಎಷ್ಟು ಹುಡುಗ ಹುಡುಗಿಯರು ಅವತ್ತೊಂದು ದಿನ ಒಳಗೆ ಹೋದೇವು ಎಂದುಕೊಂಡು ಮನೆಯಿಂದ ಹೊರಟಿದ್ದರೋ ಎಂದು ಆಗಾಗ ಯೋಚಿಸುತ್ತೇನೆ.

ದುಡ್ಡಿನ ಸೀಟಿನ ವಿರುದ್ಧ ನಾನು ಓದಿದ ಅತ್ಯಂತ ಹೃದ್ಯವಾದ ವಾದ ಮೈಕೆಲ್ ಸ್ಯಾಂಡೆಲ್‌ನದು. ಹಾರ್ವರ್ಡಿನಲ್ಲಿ ಪಾಠ ಮಾಡುವ ಈತ 2012ರ ಪುಸ್ತಕದಲ್ಲಿ, ದುಡ್ಡಿನಿಂದ ಕೊಳ್ಳಬಾರದವು ಯಾವುವು ಎಂದು ಕೇಳುತ್ತಾ ತನ್ನ ಬಾಲ್ಯದ ಬೇಸ್‌ಬಾಲ್ ಮೈದಾನಕ್ಕೆ ಹೋಗುತ್ತಾನೆ. ಆಗ ಒಳ್ಳೆಯ ಸೀಟಿಗೂ ಅಗ್ಗದ ಸೀಟಿಗೂ ಅಂತರ ಕೆಲವೇ ಡಾಲರ್. ಕಂಪನಿಯ ಸಾಹೇಬನೂ ಗುಮಾಸ್ತನೂ ಅಕ್ಕಪಕ್ಕ ಕೂರುತ್ತಿದ್ದರು, ಮಳೆ ಬಂದರೆ ಇಬ್ಬರೂ ನೆನೆಯುತ್ತಿದ್ದರು. ಆಮೇಲೆ ಮೈದಾನದ ಮೇಲೆ ಗಾಜಿನ ಕೋಣೆಗಳು, ಅವರ ಭಾಷೆಯ ‘ಸ್ಕೈಬಾಕ್ಸ್’ಗಳು ಬಂದವು, ಒಂದೇ ಆಟವನ್ನು ಜನ ಬೇರೆ ಬೇರೆಯಾಗಿ ನೋಡತೊಡಗಿದರು. ಶಾಲೆ, ಆಸ್ಪತ್ರೆ, ಬೀದಿ ಎಲ್ಲ ಕಡೆಯೂ ಇದೇ ಆಗುತ್ತಿದೆ, ಹೀಗಾದರೆ ಪ್ರಜಾಪ್ರಭುತ್ವ ಬಾಳುವುದು ಹೇಗೆ ಎಂಬುದು ಅವನ ಚಿಂತೆ.

ಬೂದಿಗೆರೆ ಕ್ರಾಸಿನ ಕಡೆ ಹೋದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಹೊಸ ಅಪಾರ್ಟ್‌ಮೆಂಟುಗಳ ಒಳಗೆ ಬಾಸ್ಕೆಟ್‌ಬಾಲ್ ಅಂಕಣಗಳಿವೆ, ಸುತ್ತ ಎತ್ತರದ ತಂತಿ ಬಲೆ. ಚೆಂಡು ಪುಟಿಯುವ ಸದ್ದು ರಸ್ತೆಗೆ ಕೇಳುತ್ತದೆ. ಆಡುವವರು ಯಾರು ಎನ್ನುವುದು ಪಕ್ಕದ ಊರಿನ ಮಕ್ಕಳಿಗೆ ಗೊತ್ತಾಗುವುದಿಲ್ಲ.

ಆದರೆ ಸ್ಯಾಂಡೆಲ್ ಹೇಳಿದ್ದನ್ನು ಅಪ್ಪನಿಗೆ ವಿವರಿಸಿದರೆ ಅಪ್ಪ ಕೇಳುವುದು ಒಂದೇ ಮಾತು: ನಾವು ಅಕ್ಕಪಕ್ಕ ಕೂತಿದ್ದು ಯಾವಾಗ? ಕಳೆದುಹೋಯಿತೆಂದು ಅಳುವುದಕ್ಕೆ ಒಂದು ಕಾಲದಲ್ಲಿ ಅದು ಇರಬೇಕಲ್ಲ. ನಮ್ಮ ಕೇರಿಯ ಹುಡುಗ “ಮಾರಿದ್ರೆ ನಾನೂ ಒಂದು ತಗಂತೀನಿ” ಎಂದದ್ದು ಇದೇ ಕಾರಣಕ್ಕೆ. ಹುಟ್ಟಿನ ನಾಣ್ಯವನ್ನು ಅವನು ಸಂಪಾದಿಸುವಂತಿಲ್ಲ. ದುಡ್ಡಿನ ನಾಣ್ಯವನ್ನು ಸ್ಟೀರಿಂಗ್ ಹಿಡಿದು, ನಿದ್ದೆಗೆಟ್ಟು ಸಂಪಾದಿಸಬಹುದು. ಇಷ್ಟರ ಮಟ್ಟಿಗೆ ದುಡ್ಡು ಹುಟ್ಟಿಗಿಂತ ಮರ್ಯಾದಸ್ಥ.

ಇಷ್ಟರ ಮಟ್ಟಿಗೆ ಮಾತ್ರ. ನೋಜಿಕ್‌ಗೆ 1977ರಲ್ಲಿ ಉತ್ತರ ಬರೆದ ಜಿ. ಎ. ಕೋಹೆನ್ ಇನ್ನೊಂದು ವಿಷಯ ತೆಗೆಯುತ್ತಾನೆ. ಕೊಟ್ಟವರು ಒಪ್ಪಿ ಕೊಟ್ಟರು, ಸರಿ. ಆದರೆ ಆ ಕೊಡುಕೊಳ್ಳುವಿಕೆಯ ಫಲ ಅದರಲ್ಲಿ ಮಾತೇ ಆಡದ ಮೂರನೆಯವರ ಮೇಲೆ, ಇನ್ನೂ ಹುಟ್ಟದವರ ಮೇಲೆ ಕೂಡ ಬೀಳುತ್ತದೆ. ಅವರ ಒಪ್ಪಿಗೆ ಯಾರು ಕೇಳಿದರು? ಇದನ್ನು ನಮ್ಮೂರಿನ ಭಾಷೆಗೆ ತಂದರೆ ಹೀಗೆ: ಇವತ್ತು ದುಡ್ಡು ಕೊಟ್ಟು ಕೂತ ಕುರ್ಚಿಯಲ್ಲಿ ನಾಳೆ ಮಗ ಕೂರುತ್ತಾನೆ, ನಾಡಿದ್ದು ಮೊಮ್ಮಗ. ಅಷ್ಟು ಹೊತ್ತಿಗೆ ಅದು ಮತ್ತೆ ಹುಟ್ಟಿನ ಕುರ್ಚಿಯಾಗಿರುತ್ತದೆ. ಹಿರಿಯರು ಹೇಳಿದ ‘ತಾತನ ಕಾಲ’ದ ಆಚೆಗೆ ಹೋಗಿ ನೋಡಿದರೆ, ಯಾರೋ ಒಬ್ಬರು ಜಮೀನಿನಿಂದಲೋ ಅಧಿಕಾರದಿಂದಲೋ ಆ ಜಾಗ ಹಿಡಿದದ್ದೇ ಸಿಕ್ಕೀತು.

ಹಾಗಾದರೆ ಮಾರಬೇಕೋ ಬೇಡವೋ? ಇಲ್ಲಿ ಸಿಕ್ಕಿಹಾಕಿಕೊಂಡಿದ್ದಾಗ ನೆನಪಿಗೆ ಬಂದದ್ದು ಮುಂಬೈಯಲ್ಲಿ ನಡೆದ ಎರಡು ಪಂದ್ಯ.

2019ರ ಅಕ್ಟೋಬರ್ 4 ಮತ್ತು 5ರಂದು ವರ್ಲಿಯ ಎನ್‌ಎಸ್‌ಸಿಐ ಒಳಾಂಗಣದಲ್ಲಿ ಅಮೆರಿಕದ ಎನ್‌ಬಿಎ ತಂಡಗಳಾದ ಇಂಡಿಯಾನ ಪೇಸರ್ಸ್ ಮತ್ತು ಸ್ಯಾಕ್ರಮೆಂಟೊ ಕಿಂಗ್ಸ್ ಆಡಿದವು. ಎನ್‌ಬಿಎ ತಂಡಗಳು ಭಾರತದಲ್ಲಿ ಆಡಿದ್ದು ಅದೇ ಮೊದಲು. ಕಿಂಗ್ಸ್ ತಂಡದ ಮಾಲೀಕ ವಿವೇಕ್ ರಣದಿವೆ ಮುಂಬೈಯಲ್ಲೇ ಹುಟ್ಟಿದವರು. ಮೊದಲ ದಿನದ ಪಂದ್ಯ ಶಾಲಾ ಮಕ್ಕಳಿಗೆಂದೇ ಮೀಸಲಾಗಿತ್ತು. ಬಾಸ್ಕೆಟ್‌ಬಾಲ್ ಕಲಿಯುತ್ತಿದ್ದ ಸುಮಾರು 3,000 ಹುಡುಗ ಹುಡುಗಿಯರು ಸಭಾಂಗಣ ತುಂಬಿ ಕೂತರು. ಎರಡನೆಯ ದಿನ ಟಿಕೆಟ್ಟು ಕೊಂಡವರದು. ಮಕ್ಕಳ ಪಂದ್ಯ ಹೆಚ್ಚುವರಿ ಅವಧಿಗೆ ಹೋಗಿ 132-131ಕ್ಕೆ ಮುಗಿಯಿತು, ಒಂದೇ ಅಂಕದ ಅಂತರ. ಟಿಕೆಟ್ಟಿನವರ ಪಂದ್ಯ 130-106, ಏಕಪಕ್ಷೀಯ. ದುಡ್ಡು ಸೀಟನ್ನು ತಂದುಕೊಟ್ಟಿತೇ ಹೊರತು ಆಟವನ್ನಲ್ಲ. ಅದೇ ವಿಲ್ಟ್ ಚೇಂಬರ್ಲೇನ್ 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ ನೂರು ಅಂಕ ಹೊಡೆದಾಗ ಪೆನ್ಸಿಲ್ವೇನಿಯಾದ ಹರ್ಷಿ ಎಂಬ ಸಣ್ಣ ಊರಿನಲ್ಲಿ ಕೂತು ನೋಡಿದವರು 4,124 ಮಂದಿ. ಆ ಪಂದ್ಯದ ಚಿತ್ರೀಕರಣ ಕೂಡ ಇಲ್ಲ.

ಬಾಸ್ಕೆಟ್‌ಬಾಲಿನ ದುಬಾರಿ ಸೀಟಿನದು ಇನ್ನೂ ಒಂದು ವಿಶೇಷ. ಎನ್‌ಬಿಎ ಅಂಕಣ 94 ಅಡಿ ಉದ್ದ, 50 ಅಡಿ ಅಗಲ. ಎಲ್ಲಕ್ಕಿಂತ ಹೆಚ್ಚು ದುಡ್ಡು ಕೊಟ್ಟವರು ಅದರ ಗೆರೆಯ ಪಕ್ಕದಲ್ಲೇ, ಆಡುವವರ ಬೆವರು ಸಿಡಿಯುವಷ್ಟು ಹತ್ತಿರ ಕೂರುತ್ತಾರೆ. ಒಮ್ಮೊಮ್ಮೆ ಆಟಗಾರನೇ ಅವರ ಮಡಿಲಿಗೆ ಬೀಳುತ್ತಾನೆ. ನಟ ಜ್ಯಾಕ್ ನಿಕಲ್ಸನ್ ದಶಕಗಳ ಕಾಲ ಲೇಕರ್ಸ್ ತಂಡದ ಪಂದ್ಯಗಳಲ್ಲಿ ಹಾಗೆ ಕೂತದ್ದು, ಕೂಗಾಡಿದ್ದು, ಎಲ್ಲವನ್ನೂ ಮೇಲಿನ ಅಗ್ಗದ ಸೀಟಿನವರು ನೋಡಿದ್ದಾರೆ. ಅದೇ ಸಭಾಂಗಣದ ಗಾಜಿನ ಕೋಣೆಯಲ್ಲಿ ಕೂತವರು ಯಾರಿಗೂ ಕಾಣುವುದಿಲ್ಲ. ಎರಡೂ ದುಬಾರಿಯೇ. ಆದರೆ ಒಬ್ಬರು ದುಡ್ಡು ಕೊಟ್ಟದ್ದು ಆಟಕ್ಕೆ ಹತ್ತಿರವಾಗಲು, ಇನ್ನೊಬ್ಬರು ಕೊಟ್ಟದ್ದು ಜನರಿಂದ ದೂರವಾಗಲು.

ಇಲ್ಲಿ ನನಗೆ ಗಂಟು ಬಿಚ್ಚಿಕೊಂಡಿತು. ಟಿಕೆಟ್ಟು ಒಂದೇ ಆದರೂ ಅದರಲ್ಲಿ ಮೂರು ಸರಕಿವೆ: ನೋಟ, ಸುಖ, ದೂರ. ಚೆನ್ನಾಗಿ ಕಾಣುವುದು ಒಂದು, ಮೆತ್ತಗೆ ಕೂರುವುದು ಒಂದು, ಬೇರೆಯವರ ಜೊತೆ ಕೂರದಿರುವುದು ಇನ್ನೊಂದು. ಬೆನ್ನು ನೋವಿನ ಮನುಷ್ಯ ಮೆತ್ತನೆ ಕುರ್ಚಿಗೆ ದುಡ್ಡು ಕೊಟ್ಟರೆ ಯಾರಿಗೇನು ನಷ್ಟ? ನೋಟ ಮಾರುವುದು ಕಷ್ಟದ ವಿಷಯ, ಏಕೆಂದರೆ ಒಬ್ಬ ಮುಂದೆ ಕೂತರೆ ಇನ್ನೊಬ್ಬ ಹಿಂದಾಗಲೇಬೇಕು. ಅದನ್ನು ಹಂಚಲು ಸರದಿಯೋ ಚೀಟಿಯೋ ಬೇಕಾಗುತ್ತದೆ. ಆದರೆ ದೂರವನ್ನು ಮಾರುವುದಿದೆಯಲ್ಲ, ಅದು ಕೊಂಡವನಿಗೂ ಕೊಳ್ಳಲಾಗದವನಿಗೂ ಒಟ್ಟಿಗೆ ಒಂದು ಪಾಠ ಕಲಿಸುತ್ತದೆ: ನೀವಿಬ್ಬರೂ ಒಂದೇ ಪ್ರೇಕ್ಷಕ ವರ್ಗವಲ್ಲ ಎಂದು. ಇದು ನಮಗೆ ಹೊಸ ಪಾಠವಲ್ಲ. ಅಪ್ಪನನ್ನು ಹುಣಸೆಮರದ ಕೆಳಗೆ ನಿಲ್ಲಿಸಿದ್ದು ನೋಟದ ಕೊರತೆಯಲ್ಲ, ಮುಂದೆ ಜಾಗ ಬೇಕಾದಷ್ಟಿತ್ತು. ಅಲ್ಲಿ ಕಾಯ್ದುಕೊಳ್ಳುತ್ತಿದ್ದದ್ದು ದೂರವನ್ನೇ. ಗಾಜಿನ ಕೋಣೆಗೆ ಈಗ ರೂಪಾಯಿಯಲ್ಲಿ ಬೆಲೆ ಕಟ್ಟಿದ್ದಾರೆ, ಅಷ್ಟೇ ವ್ಯತ್ಯಾಸ.

ಆ ಕೋಣೆಯಲ್ಲಿ ಕೂತು ಪಲ್ಯ, ಪಲಾವು, ಐಸ್‌ಕ್ರೀಮು ತಿಂದವನು ನಾನೂ ಹೌದು. ಸಂಕಟವೇನೂ ಆಗಲಿಲ್ಲ. ಹದಿನೈದನೆಯ ಓವರಿನ ಹೊತ್ತಿಗೆ ಅಪ್ಪ ನಿದ್ದೆ ಹೋಗಿದ್ದ. ಹೊರಗೆ ಇಡೀ ಕ್ರೀಡಾಂಗಣ ಎದ್ದು ಕುಣಿಯುತ್ತಿತ್ತು. ವಾಪಸು ಬರುವಾಗ ಕಾರಿನಲ್ಲಿ ಅಣ್ಣನ ಮಗ, “ಏನ್ ತಾತ, ಅಷ್ಟು ದೊಡ್ಡ ಸೀಟಲ್ಲಿ ಕೂರ್ಸಿದ್ರೆ ನಿದ್ದೆ ಮಾಡ್ಬಿಟ್ಟೆ” ಎಂದು ಛೇಡಿಸಿದ.

ಅಪ್ಪ ಹೇಳಿದ: “ನಾಟಕದಲ್ಲಿ ಮುಂದ್ಗಡೆ ಕುರ್ಚೀಲಿ ಕೂತೋರಿಗೂ ಹಿಂಗೇ ನಿದ್ದೆ ಬತ್ತಿತ್ತು ಕಣ್ಲಾ. ನಿಂತ್ಕಂಡು ನೋಡೋರಿಗೆ ಎಲ್ಲಿ ನಿದ್ದೆ?”

ಎರಡು ದಿನ ಬಿಟ್ಟು ಸಭೆಗೆ ಹೋಗಿ ನಾನು ಹೇಳಿದ್ದು ಇಷ್ಟು. ಸೋಫಾ ಹಾಕಿಸೋಣ, ದುಡ್ಡಿಗೇ ಕೊಡೋಣ, ಯಾರು ಕೊಟ್ಟರೂ ತಗೊಳ್ಳೋಣ. ಆದರೆ ಸೋಫಾ ಹಿಂದೆ ಇರಲಿ. ಮುಂದೆಲ್ಲ ಚಾಪೆ, ಮೊದಲು ಬಂದವರಿಗೆ. ಎತ್ತರದಲ್ಲಿ ಕೂತವರಿಗೆ ಹಿಂದಿನಿಂದಲೂ ಕಾಣುತ್ತದೆ. ಸುಖಕ್ಕೆ ದುಡ್ಡು ತಗೊಳ್ಳೋಣ, ಮುಂದಿನ ಜಾಗ ಮಾರೋದು ಬೇಡ, ನಡುವೆ ಹಗ್ಗ ಕಟ್ಟೋದು ಬೇಡ. ಸೈಟಿನ ಹುಡುಗ, ಹಿಂದಿನ ಸೋಫಾಕ್ಕೆ ಐದು ಸಾವಿರ ಯಾರು ಕೊಡ್ತಾರೆ ಎಂದ. ಎರಡು ಸಾವಿರಕ್ಕೆ ಇಳಿಸಿದೆವು. ಹಿರಿಯರು ಏನೂ ಹೇಳದೆ ಎದ್ದು ಹೋದರು.

ಎಲ್ಲರೂ ಹೋದ ಮೇಲೆ ಟ್ಯಾಕ್ಸಿ ಹುಡುಗ ನನ್ನ ಬೈಕಿನ ಹತ್ತಿರ ಬಂದ. “ನೀವ್ ಹೇಳಿದ್ದು ನ್ಯಾಯವೇ ಇರ್ಬೋದು ಸಾರ್. ಆದ್ರೆ ನಮ್ಮ ಸರದಿ ಬಂದಾಗ್ಲೇ ಕುರ್ಚಿ ಹಿಂದಕ್ಕೆ ಹೋಯ್ತಲ್ಲ?”

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ. ಮೇಲೆ ಬರೆದ ಮೂರು ಸರಕಿನ ಲೆಕ್ಕ ಸರಿಯೇ ಇದೆ ಎಂದು ನನಗನ್ನಿಸುತ್ತದೆ. ಆದರೆ ಆ ಲೆಕ್ಕ ಹಾಕುವ ಮೊದಲು ನಾನೊಮ್ಮೆ ಮುಂದೆ ಕೂತು ಬಂದಿದ್ದೆ. ಅವನು ಕೂತಿರಲಿಲ್ಲ.

ನಾಟಕದ ರಾತ್ರಿ ಅವನು ಎರಡು ಸಾವಿರ ಕೊಟ್ಟು ಸೋಫಾದಲ್ಲೇ ಕೂತ, ಪಕ್ಕದಲ್ಲಿ ಹೆಂಡತಿ ಇನ್ನೊಂದು ಸೀಟಿನಲ್ಲಿ. ಹಿರಿಯರು ಮನೆಯಿಂದ ಕುರ್ಚಿ ತರಿಸಿ ಚಾಪೆಗಳ ಮುಂದೆ ಒಂದು ಪಕ್ಕಕ್ಕೆ ಹಾಕಿಸಿಕೊಂಡರು, ಯಾರೂ ಏಳಿಸಲಿಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ಮಕ್ಕಳು ತೆವಳುತ್ತಾ ಹೋಗಿ ಅವರ ಕುರ್ಚಿಯ ಸುತ್ತ, ಕೊನೆಗೆ ಅವರ ಮುಂದೆಯೂ ಕೂತುಬಿಟ್ಟವು. ಅಪ್ಪ ಆ ಮಕ್ಕಳ ನಡುವೆ ಚಾಪೆಯ ಮೇಲೆ ಕೂತು, ದುರ್ಯೋಧನ ಬೀಳುವವರೆಗೂ ನೋಡಿ, ಬೆಳಗ್ಗೆ ಕುತ್ತಿಗೆ ನೋವೆಂದು ಬಿಸಿನೀರಿನ ಶಾಖ ಕೇಳಿದ.

ಸೋಫಾ ಅರ್ಧಕ್ಕರ್ಧ ಖಾಲಿ ಉಳಿದವು. ಲೆಕ್ಕದಲ್ಲಿ ಹದಿನೆಂಟು ಸಾವಿರ ಕಡಿಮೆ ಬಿತ್ತು. ಅದನ್ನು ದುರ್ಯೋಧನನ ಪಾತ್ರ ಮಾಡಿದವನೇ ತುಂಬಿಕೊಟ್ಟ.